ಸರ್ಕಾರಿ ಶಾಲೆಗೆ ಸರಳೆ ವರಸೆ: ಟ್ರಸ್ಟ್, ಪರ್ಮಿಷನ್, ಕೊನೆಗೊಂದು ಅರ್ಧ ಗಂಟೆ ಕ್ಲಾಸು

ಹೋದ ವಾರ ನಮ್ಮ ಟ್ರಸ್ಟಿನ 80ಜಿ (ದಾನ ಕೊಟ್ಟವರಿಗೆ ತೆರಿಗೆಯಲ್ಲಿ ಅನುಕೂಲ ಕೊಡಿಸುವ ನೋಂದಣಿ) ಕಾಯಂ ಆದೇಶ ಬಂತು. ಸರ್ಕಾರಿ ಶಾಲೆಯ ಮಕ್ಕಳಿಗೆ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಕಲಿಸಬೇಕು ಅಂತ ಈ ಓಡಾಟ ಶುರುವಾಗಿ ವರ್ಷದ ಮೇಲಾಯಿತು. ಮರೆಯುವ ಮುಂಚೆ ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ನಾವು ಶುರು ಮಾಡುವಾಗ ಹೀಗೊಂದು ಬರಹ ಎಲ್ಲೂ ಸಿಕ್ಕಿರಲಿಲ್ಲ. ಸಿಕ್ಕಿದ್ದೆಲ್ಲ ದುಡ್ಡು ತಗೊಂಡು ಕೆಲಸ ಮಾಡಿಸಿಕೊಡುವವರ ಜಾಹೀರಾತು.

ನಾನು ಸೀನಿಯರ್ ಪರೀಕ್ಷೆವರೆಗೆ ಹಾಡು ಕಲಿತು, ಆಮೇಲೆ ಲೆಕ್ಕಪತ್ರದ ಕೆಲಸಕ್ಕೆ ಬಿದ್ದವಳು. ಗೆಳತಿ ಅದಕ್ಕೂ ಮೇಲಿನ ವಿದ್ವತ್ ಪರೀಕ್ಷೆ ಮುಗಿಸಿ ಮನೆಯಲ್ಲೇ ಪಾಠ ಹೇಳುತ್ತಾಳೆ. ಜೊತೆಗೆ ಒಬ್ಬ ಮೃದಂಗದ ಹುಡುಗ. ಬೆಂಗಳೂರಲ್ಲಿ ಸಂಗೀತಕ್ಕೇನೂ ಬರ ಇಲ್ಲ. ಗಾಯನ ಸಮಾಜ 1905ರಿಂದ ಇದೆ. ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಿಗೆ 80 ವರ್ಷ ದಾಟಿದೆ. ಆದರೆ ಅಲ್ಲಿಂದ ಸ್ವಲ್ಪ ದೂರದ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ತಂಬೂರಿ ಶ್ರುತಿಯನ್ನು ಒಂದು ಸಲವೂ ಕೇಳಿರುವುದಿಲ್ಲ. ಸ್ಪಿಕ್ ಮೆಕೆಯವರು 1977ರಿಂದ ದೊಡ್ಡ ಕಲಾವಿದರನ್ನು ಶಾಲೆ ಕಾಲೇಜಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ನಮ್ಮ ಆಸೆ ಅಷ್ಟು ದೊಡ್ಡದಲ್ಲ. ಒಂದೇ ಶಾಲೆ, ವಾರಕ್ಕೊಂದು ಸಲ, ಅದೇ ಮಕ್ಕಳು, ಅದೇ ಟೀಚರ್.

ಮೊದಲು ಒಂದು ಮಾತು. ನಿಮಗೆ ಟ್ರಸ್ಟ್ ಬೇಕೇ ಬೇಕಾ ಅಂತ ಕೇಳಿಕೊಳ್ಳಿ. ನೀವೇ ಪಾಠ ಮಾಡುವುದಾದರೆ, ಖರ್ಚು ನಿಮ್ಮ ಕೈಯಿಂದಲೇ ಆದರೆ, ಶಾಲೆಯ ಒಪ್ಪಿಗೆ ಮತ್ತು ಇಲಾಖೆಯ ಅನುಮತಿ ಪತ್ರ ಇದ್ದರೆ ಸಾಕು. ಬೇರೆಯವರಿಂದ ದುಡ್ಡು ತಗೊಳ್ಳಬೇಕು, ಕಲಿಸುವವರಿಗೆ ಸಂಭಾವನೆ ಕೊಡಬೇಕು ಅಂದಾಗ ಮಾತ್ರ ಟ್ರಸ್ಟ್. ನಮ್ಮದು ಎರಡನೆಯದು. ಕಲೆಗೆ ಸೇವೆ ಅಂತ ಹೇಳಿ ಮೃದಂಗದ ಹುಡುಗನನ್ನು ಬಿಟ್ಟಿ ದುಡಿಸಲು ನನಗೆ ಮನಸ್ಸಿರಲಿಲ್ಲ. ಸೇವೆ ಅನ್ನುವವರು ಸಾಮಾನ್ಯವಾಗಿ ಬೇರೆ ಸಂಬಳ ಇರುವವರೇ.

ಸೊಸೈಟಿ ಮಾಡೋಣ ಅಂದರೆ ಕನಿಷ್ಠ ಏಳು ಜನ ಬೇಕು. ಸೆಕ್ಷನ್ 8 ಕಂಪನಿ (ಲಾಭದ ಉದ್ದೇಶ ಇಲ್ಲದ ಕಂಪನಿ) ಅಂದರೆ ವರ್ಷ ವರ್ಷ ಫೈಲಿಂಗ್ ಖರ್ಚು ಜಾಸ್ತಿ. ಹಾಗಾಗಿ ಟ್ರಸ್ಟ್ ಅಂತಾಯಿತು.

ಟ್ರಸ್ಟ್ ಡೀಡ್, ಅಂದರೆ ಟ್ರಸ್ಟಿನ ದಸ್ತಾವೇಜು, ಬರೆಸಲು ಹೋದೆವು. ಉದ್ದೇಶಗಳ ಪಟ್ಟಿಯಲ್ಲಿ ಗೆಳತಿ ಪ್ರೀತಿಯಿಂದ ‘ದಾಸ ಸಾಹಿತ್ಯದ ಪ್ರಚಾರ’ ಅಂತ ಸೇರಿಸಿದ್ದಳು. ಆಡಿಟರ್ ಕರಡು ಓದಿ, ಪೆನ್ಸಿಲ್ ತಗೊಂಡು ಆ ಸಾಲಿಗೆ ಗೆರೆ ಎಳೆದರು. ‘ಅಮ್ಮಾ, 80ಜಿ ಕೊಡೋದು ಧಾರ್ಮಿಕ ಉದ್ದೇಶದ ಟ್ರಸ್ಟಿಗಲ್ಲ. ದಾಸ ಸಾಹಿತ್ಯ ಅಂತ ನೋಡಿ ಯಾರಾದರೂ ಪ್ರಶ್ನೆ ಹಾಕಿದರೆ ಉತ್ತರ ಕೊಡ್ತಾ ಕೂತಿರಬೇಕು. ಮಕ್ಕಳಿಗೆ ಸಂಗೀತ ಶಿಕ್ಷಣ ಅಂತ ಬರೀರಿ, ಸಾಕು.’ ಗೆಳತಿಗೆ ಸಿಟ್ಟು ಬಂತು. ಕರ್ನಾಟಕ ಸಂಗೀತದಿಂದ ಪುರಂದರದಾಸರನ್ನು ತೆಗೆದರೆ ಏನು ಉಳಿಯುತ್ತೆ ಅಂತ ಅವಳ ವಾದ. ಡೀಡಿನಿಂದ ತೆಗೆದದ್ದು, ಪಾಠದಿಂದಲ್ಲ ಅಂತ ಸಮಾಧಾನ ಮಾಡಿದೆ. ಆಮೇಲೆ ಇದೇ ಪ್ರಶ್ನೆ ಶಾಲೆಯಲ್ಲೂ ಎದುರಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಡೀಡಿನಲ್ಲಿ ಇನ್ನೆರಡು ಮಾತು ಇರಲೇಬೇಕು. ಈ ಟ್ರಸ್ಟನ್ನು ಹಿಂಪಡೆಯಲು ಬರುವುದಿಲ್ಲ ಅನ್ನುವುದು ಒಂದು. ಮುಚ್ಚಿದರೆ ಉಳಿದ ಹಣ ಇಂಥದ್ದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಇವಿಲ್ಲದೆ ನೋಂದಣಿ ಮಾಡಿಸಿದರೆ ಆಮೇಲೆ ತಿದ್ದುಪಡಿ ಡೀಡ್ ಮಾಡಿಸಬೇಕಾಗುತ್ತದೆ. ಅಂದರೆ ಮತ್ತೆ ಸ್ಟಾಂಪು, ಮತ್ತೆ ಕ್ಯೂ.

ವಿಳಾಸದ್ದು ಇನ್ನೊಂದು ಕತೆ. ನಾನಿರುವುದು ಬಾಡಿಗೆ ಮನೆ. ಟ್ರಸ್ಟಿನ ಕಚೇರಿ ಅಂತ ಇದೇ ವಿಳಾಸ ಕೊಡಲು ಓನರ್ ಒಪ್ಪಿಗೆ ಪತ್ರ, ಕರೆಂಟು ಬಿಲ್ಲು, ಕಂದಾಯದ ರಸೀದಿ ಬೇಕಿತ್ತು. ನಮ್ಮ ಓನರ್ ಆಂಟಿ ಒಳ್ಳೆಯವರು. ಆದರೆ ಟ್ರಸ್ಟ್ ಅನ್ನುವ ಮಾತು ಕೇಳಿದ ಕೂಡಲೇ ಮುಖ ಸಣ್ಣಗಾಯಿತು. ‘ನಮ್ಮನೆ ಟ್ರಸ್ಟಿಗೆ ಹೋಗಿಬಿಡಲ್ಲ ತಾನೇ?’ ಅಂದರು. ಬರೀ ಕಾಗದ ಬರುವ ವಿಳಾಸ ಆಂಟಿ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವರ ಮಗ ಊರಿಂದ ಬಂದು, ಪತ್ರ ಓದಿ, ‘ಬಾಡಿಗೆದಾರರಿಗೆ ಮನೆಯ ಮೇಲೆ ಯಾವ ಹಕ್ಕೂ ಇಲ್ಲ’ ಅಂತ ಒಂದು ಸಾಲು ಸೇರಿಸಿದ ಮೇಲೆ ಸಹಿ ಬಿತ್ತು. ಬಾಡಿಗೆ ಮನೆಯವರು ಈ ಕೆಲಸ ಎಲ್ಲಕ್ಕಿಂತ ಮೊದಲು ಮಾಡಿಕೊಳ್ಳಿ.

ನೋಂದಣಿಯನ್ನು ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ನಲ್ಲಿ ಶುರು ಮಾಡಬೇಕು. ಕರಡು ಅಪ್‌ಲೋಡ್ ಮಾಡಿದರೆ ಅವರು ನೋಡಿ ಒಪ್ಪುತ್ತಾರೆ ಅಥವಾ ವಾಪಸ್ ಕಳಿಸುತ್ತಾರೆ. ಆಮೇಲೆ ಶುಲ್ಕ ಕಟ್ಟಿ, ದಿನ ಮತ್ತು ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. ನಾವು ಗೊತ್ತು ಮಾಡಿದ್ದ ದಿನ ಸರ್ವರ್ ಡೌನ್. ಎಲ್ಲ ಟ್ರಸ್ಟಿಗಳು, ಇಬ್ಬರು ಸಾಕ್ಷಿಗಳು ರಜೆ ಹಾಕಿ ಬಂದು ಮೆಟ್ಟಿಲ ಮೇಲೆ ಕೂತಿದ್ದೆವು. ಸೈಟು ಮನೆ ಕೊಂಡವರ ಗುಂಪಿನ ಮಧ್ಯೆ ಸಂಗೀತದ ಟ್ರಸ್ಟಿನವರು ನಾವೊಬ್ಬರೇ. ಸಂಜೆ ಹೊತ್ತಿಗೆ ಫೋಟೋ, ಹೆಬ್ಬೆಟ್ಟು ಆಯಿತು. ಎಲ್ಲರೂ ಮೂಲ ಆಧಾರ್ ಕಾರ್ಡನ್ನೇ ಇಟ್ಟುಕೊಂಡಿರಿ. ಒಬ್ಬ ಸಾಕ್ಷಿಯನ್ನು ಜಾಸ್ತಿಯೇ ಕರೆದುಕೊಂಡು ಹೋಗಿ. ನಮ್ಮಲ್ಲಿ ಒಬ್ಬರು ಮಧ್ಯಾಹ್ನವೇ ಎದ್ದು ಹೋದರು, ತಪ್ಪು ಅವರದ್ದೂ ಅಲ್ಲ.

ಪ್ಯಾನ್ ಬೇಗ ಬಂತು. ತಡ ಆದದ್ದು ಬ್ಯಾಂಕಿನಲ್ಲಿ. ನಮ್ಮ ಡೀಡ್ ಕನ್ನಡದಲ್ಲಿದೆ. ಶಾಖೆಯವರಿಗೆ ಅದು ಸಲೀಸು. ಆದರೆ ಖಾತೆ ತೆರೆಯುವ ಕಾಗದ ಪರಿಶೀಲನೆಗೆ ಬೇರೆ ಊರಿಗೆ ಹೋಗುತ್ತದಂತೆ, ಅಲ್ಲಿಂದ ‘ದಸ್ತಾವೇಜು ಓದಲಾಗುತ್ತಿಲ್ಲ’ ಅಂತ ವಾಪಸ್ ಬಂತು. ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ ಕೊಟ್ಟೆವು. ಆಗ ಇನ್ನೊಂದು ತಕರಾರು. ಡೀಡಿನಲ್ಲಿ ಹೆಸರಿನ ಕೊನೆಗೆ (ರಿ) ಇದೆ, ಪ್ಯಾನಿನಲ್ಲಿ ಇಲ್ಲ. ಟ್ರಸ್ಟಿಗಳೆಲ್ಲ ಸಭೆ ಸೇರಿ ಎರಡೂ ಒಂದೇ ಅಂತ ನಿರ್ಣಯ ಬರೆದು, ರಬ್ಬರ್ ಸ್ಟಾಂಪ್ ಒತ್ತಿ ಕೊಟ್ಟ ಮೇಲೆ ಖಾತೆ ಆಯಿತು. ಕನ್ನಡದಲ್ಲೇ ಡೀಡ್ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಟ್ರಸ್ಟಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅನ್ನುವುದನ್ನೂ ಡೀಡಿನಲ್ಲೇ ಸೇರಿಸಿ.

12ಎ ಮತ್ತು 80ಜಿ ಬಗ್ಗೆ ಜನರಿಗೆ ಗೊಂದಲ ಜಾಸ್ತಿ. 12ಎ ಇದ್ದರೆ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ. 80ಜಿ ಇದ್ದರೆ ಕೊಟ್ಟವರಿಗೆ ತೆರಿಗೆಯಲ್ಲಿ ಅನುಕೂಲ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನಗದು ಕೊಟ್ಟರೆ 2,000 ರೂಪಾಯಿ ಮೇಲೆ ಲೆಕ್ಕಕ್ಕಿಲ್ಲ. ಅರ್ಜಿಗೆ ಸರ್ಕಾರಿ ಶುಲ್ಕ ಏನೂ ಇಲ್ಲ, ಖರ್ಚೆಲ್ಲ ಆಡಿಟರದ್ದು. ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಇದು ಕಷ್ಟವಿಲ್ಲ, ಬೇಗ ಬರುತ್ತದೆ. ಆದರೆ ಟ್ರಸ್ಟ್ ಹೆಸರಿನಲ್ಲಿ ಕೆಲಸ ಶುರುವಾಗುವ ಮುಂಚೆಯೇ ಈ ಅರ್ಜಿ ಹಾಕಿ. ಶುರುವಾದ ಆರು ತಿಂಗಳೊಳಗೆ ಕಾಯಂ ನೋಂದಣಿಗೆ ಇನ್ನೊಂದು ಅರ್ಜಿ. ಮೂರು ವರ್ಷ ಇದೆಯಲ್ಲ ಅಂತ ಸುಮ್ನೆ ಕೂತು ಕೈಸುಟ್ಟುಕೊಂಡವರನ್ನು ನಮ್ಮ ಆಡಿಟರ್ ಬೇಕಾದಷ್ಟು ನೋಡಿದ್ದಾರೆ. ನಾವು ಇದನ್ನೆಲ್ಲ ಮಾಡಿದ್ದು 1961ರ ಕಾಯ್ದೆಯಲ್ಲಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಫಾರಂ, ಸೆಕ್ಷನ್ ನಂಬರುಗಳನ್ನು ನಿಮ್ಮ ಆಡಿಟರ್ ಹತ್ತಿರವೇ ಕೇಳಿಕೊಳ್ಳಿ.

ಇಲ್ಲಿಯವರೆಗಿನದು ಬರೀ ಕಾಗದದ ಕೆಲಸ. ದುಡ್ಡು ಮತ್ತು ತಾಳ್ಮೆ ಇದ್ದರೆ ಆಗುತ್ತದೆ. ನಿಜವಾದ ಕೆಲಸ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಅರ್ಧ ಗಂಟೆ ಜಾಗ ಹುಡುಕುವುದು.

ಶಾಲೆಯ ಎಚ್‌ಎಂ ಮೇಡಂ ಮೊದಲ ಭೇಟಿಯಲ್ಲೇ ಕೇಳಿದರು, ‘ಎಷ್ಟು ದಿನ ಬರ್ತೀರಾ?’ ನಮಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಬ್ಯಾಗು ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವವರು, ಎರಡು ವಾರ ಸ್ಪೋಕನ್ ಇಂಗ್ಲಿಷ್ ಮಾಡಿ ಕಾಣೆಯಾಗುವವರು, ಎಲ್ಲರನ್ನೂ ಅವರು ನೋಡಿದ್ದಾರೆ. ‘ಮಕ್ಕಳು ಆಮೇಲೆ ನನ್ನ ಕೇಳ್ತಾವೆ, ಮಿಸ್ ಅವರ್ಯಾಕೆ ಬರಲ್ಲ ಅಂತ.’ ಈ ಮಾತಿಗೆ ನಮ್ಮ ಹತ್ತಿರ ಯಾವ ದಾಖಲೆಯೂ ಇರಲಿಲ್ಲ. ಇಡೀ ಶೈಕ್ಷಣಿಕ ವರ್ಷ ಬರುತ್ತೇವೆ, ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಬರುತ್ತೇವೆ ಅಂತ ಬರೆದುಕೊಟ್ಟೆವು.

ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಅಲ್ಲಿ ಕೂತವರು ಮಕ್ಕಳ ಅಪ್ಪ ಅಮ್ಮಂದಿರು. ಗಾರೆ ಕೆಲಸದವರು, ಆಟೋದವರು, ಮನೆಗೆಲಸಕ್ಕೆ ಹೋಗುವವರು. ಅರ್ಧಕ್ಕರ್ಧ ಜನ ರಾಯಚೂರು, ಯಾದಗಿರಿ ಕಡೆಯವರು, ಉಳಿದವರಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನವರು. ಒಬ್ಬ ತಾಯಿ ನೇರವಾಗಿ ಕೇಳಿದರು, ‘ದೇವರ ಹಾಡು ಹೇಳಿಸ್ತೀರಾ? ನಮ್ಮ ಹುಡುಗಿಗೆ ಬೇಡ ಅಂದರೆ?’ ಕೇಳಿದ್ದು ನ್ಯಾಯವೇ. ಗೆಳತಿ ಅಲ್ಲೇ ‘ಸ ರಿ ಗ ಮ’ ಅಂತ ಮೊದಲ ಸರಳೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಿ ತೋರಿಸಿದಳು. ಈ ವರ್ಷ ಇದೇ ಪಾಠ, ಇದರಲ್ಲಿ ಸ್ವರ ಬಿಟ್ಟರೆ ಒಂದು ಪದವೂ ಇಲ್ಲ ಅಂದಳು. ಸಾಹಿತ್ಯ ಇರುವ ಹಾಡು ಶುರು ಮಾಡುವ ಮುಂಚೆ ಅದನ್ನು ಸಭೆಗೆ ತೋರಿಸುತ್ತೇವೆ ಅಂತಲೂ ಒಪ್ಪಿಕೊಂಡೆವು. ಆ ತಾಯಿಯ ಮಗಳು ಈಗ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅದೇ ಸಭೆಯಲ್ಲಿ ಒಬ್ಬ ಅಪ್ಪ ‘ಇದರಿಂದ ಮಾರ್ಕ್ಸ್ ಬರುತ್ತಾ?’ ಅಂತ ಕೇಳಿದರು. ಇಲ್ಲ ಅಂದೆ. ಲೆಕ್ಕ ಚುರುಕಾಗುತ್ತೆ, ಬುದ್ಧಿ ಬೆಳೆಯುತ್ತೆ ಅಂತೆಲ್ಲ ಹೇಳಿ ಸಂಗೀತ ಮಾರುವುದು ನನಗೆ ಹಿಡಿಸುವುದಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಹಾಡಬಹುದು ಅಂದಾಗ ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಎಸ್‌ಡಿಎಂಸಿ ಒಪ್ಪಿಗೆ, ಎಚ್‌ಎಂ ಪತ್ರ, ಟ್ರಸ್ಟ್ ಡೀಡಿನ ಪ್ರತಿ, ಪಾಠದ ವಿವರ, ಕಲಿಸುವವರ ಆಧಾರ್ ಮತ್ತು ಪರೀಕ್ಷೆಯ ಸರ್ಟಿಫಿಕೇಟು, ಇಷ್ಟೂ ಜೋಡಿಸಿ ಶಿಕ್ಷಣ ಇಲಾಖೆಯ ಕಚೇರಿಗೆ ಕೊಟ್ಟೆವು. ಯಾವ ಕಚೇರಿ ಅಂತ ಹೇಳುವುದಿಲ್ಲ. ಮೊದಲ ಅರ್ಜಿ ಎಲ್ಲಿ ಹೋಯಿತೋ ಅವರಿಗೂ ಗೊತ್ತಿಲ್ಲ. ನಮ್ಮ ಹತ್ತಿರ ಟಪಾಲು ವಿಭಾಗದ ಮುದ್ರೆ ಬಿದ್ದ ಇನ್ನೊಂದು ಪ್ರತಿ ಇತ್ತು, ಅದಕ್ಕೇ ಉಳಿದುಕೊಂಡೆವು. ಯಾವ ಕಚೇರಿಗೆ ಏನು ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮುದ್ರೆ, ತಾರೀಖು, ನಂಬರು ಹಾಕಿಸಿಕೊಂಡೇ ಬನ್ನಿ. ಫೈಲು ಯಾವ ವಿಷಯ ನಿರ್ವಾಹಕರ ಮೇಜಿನಲ್ಲಿದೆ ಅಂತ ಕೇಳಿ ತಿಳಿದುಕೊಳ್ಳಿ. ಸಾಹೇಬರನ್ನೇ ನೋಡುತ್ತೇನೆ ಅಂತ ಹಟ ಹಿಡಿದರೆ ಕಾಯುವುದಷ್ಟೇ ಆಗುತ್ತದೆ. ನಮ್ಮ ಕೆಲಸ ಮುಂದೆ ಹೋದದ್ದು ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಸರ್ ಒಬ್ಬರಿಂದ. ಅವರಿಗೆ ಹಾಡಿನ ಹುಚ್ಚು. ಬೇರೆ ಕೆಲಸಕ್ಕೆ ಕಚೇರಿಗೆ ಹೋದಾಗಲೆಲ್ಲ ನಮ್ಮ ಫೈಲು ಎಲ್ಲಿದೆ ಅಂತ ನೋಡಿ ಹೇಳುತ್ತಿದ್ದರು. ಎಲ್ಲೂ ಯಾರೂ ಕೈಚಾಚಲಿಲ್ಲ, ಅದನ್ನೂ ಹೇಳಬೇಕು.

ಇದರ ನಡುವೆ ಕಲಿಸುವವರೆಲ್ಲರ ಪೊಲೀಸ್ ಪರಿಶೀಲನಾ ಪತ್ರ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಶುಲ್ಕ ಇದೆ. ಮೃದಂಗದ ಹುಡುಗ ಪಿಜಿ ಬದಲಾಯಿಸಿದ್ದರಿಂದ ಆಧಾರಿನ ವಿಳಾಸ ಒಂದು, ಇರುವ ಜಾಗ ಇನ್ನೊಂದು. ಅವನದ್ದು ಎಲ್ಲರಿಗಿಂತ ತಡ. ಕೆಲವರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ. ನಾನಂತೂ ಕೇಳದೇ ಇರುವ ಶಾಲೆಗಳ ಬಗ್ಗೆಯೇ ಹೆಚ್ಚು ಯೋಚನೆ ಮಾಡುತ್ತೇನೆ. ಚಿಕ್ಕ ಮಕ್ಕಳ ವಿಷಯ, ಅಲ್ವಾ?

ಅನುಮತಿ ಬಂತು. ಷರತ್ತುಗಳು: ಮಕ್ಕಳಿಂದ ಹಣ ಪಡೆಯಬಾರದು, ಪಾಠಕ್ಕೆ ತೊಂದರೆ ಆಗಬಾರದು, ಮಕ್ಕಳ ಫೋಟೋ ಪ್ರಚಾರಕ್ಕೆ ಬಳಸಬಾರದು, ಕ್ಲಾಸಿನಲ್ಲಿ ಶಾಲೆಯ ಶಿಕ್ಷಕರೊಬ್ಬರು ಇರಬೇಕು.

ಶನಿವಾರದ ಬೆಳಗಿನ ಶಾಲೆಯಲ್ಲಿ ನಮಗೆ ಜಾಗ ಸಿಕ್ಕಿತು. ಮೂರನೇ ಮತ್ತು ನಾಲ್ಕನೇ ತರಗತಿ. ಶ್ರುತಿಪೆಟ್ಟಿಗೆ ಬಳೇಪೇಟೆಯಲ್ಲಿ ಕೊಂಡೆವು. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಆ ಕೋಣೆಯ ಗದ್ದಲಕ್ಕೆ ಫೋನಿನ ದನಿ ಸಾಲದು. ಮಧ್ಯೆ ಕರೆ ಬಂದರೆ ಶ್ರುತಿಯೇ ನಿಲ್ಲುತ್ತದೆ. ಗೆಳತಿ ಐದು ಮನೆ ಶ್ರುತಿಯಲ್ಲಿ ಶುರು ಮಾಡಿದಳು. ಪುಟ್ಟವರ ಗಂಟಲಿಗೆ ಕೆಳಗಿನ ಸ ಸಿಗಲೇ ಇಲ್ಲ, ಗೊರ ಗೊರ ಅಂದರು. ಆರು ಮನೆಗೆ ಏರಿಸಿದ ಮೇಲೆ ಸಲೀಸಾಯಿತು. ಆದರೆ ಹುಡುಗನ ಹತ್ತಿರ ಇದ್ದದ್ದು ತಗ್ಗು ಶ್ರುತಿಯ ಮೃದಂಗ. ಅವನು ಗುರುಗಳ ಹತ್ತಿರ ಬೇರೆ ಮೃದಂಗ ಕೇಳಿ ತರುವವರೆಗೆ ನೆಲ ತಟ್ಟಿಯೇ ತಾಳ.

ತಾಳದಲ್ಲೇ ಮಕ್ಕಳು ಗೆದ್ದರು. ಆದಿತಾಳ ಅಂದರೆ ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು ಹುಸಿ (ಅಂಗೈ ಮಗುಚುವುದು), ಪೆಟ್ಟು ಹುಸಿ. ಎಂಟು ಎಣಿಕೆ. ನಲಿ-ಕಲಿಯಲ್ಲಿ ಹಾಡಿ ಕುಣಿದು ಬಂದ ಮಕ್ಕಳಿಗೆ ಇದು ಆಟ. ಯಾದಗಿರಿ ಕಡೆಯ ಒಬ್ಬ ಹುಡುಗ ಮೊದಲ ದಿನವೇ ಒಂದು ಪೆಟ್ಟೂ ತಪ್ಪಲಿಲ್ಲ. ಕೇಳಿದರೆ ಅವರಜ್ಜ ಊರಲ್ಲಿ ಭಜನೆಗೆ ದಮ್ಮಡಿ ಬಾರಿಸುತ್ತಾರಂತೆ. ಸ್ವರದಲ್ಲಿ ಮಾತ್ರ ಕಷ್ಟ. ಸರಳೆ ಹೇಳಿಕೊಡುವ ರಾಗ ಮಾಯಾಮಾಳವಗೌಳ, ಅದರ ರಿ ಸ-ಗೆ ಅಂಟಿಕೊಂಡೇ ಇರಬೇಕು. ಇಡೀ ಕ್ಲಾಸು ಅದನ್ನು ಎತ್ತಿ ಮೇಲಿಡುತ್ತಿತ್ತು. ಮೊದಲು ಮೋಹನ ರಾಗ ಮಾಡು, ಐದೇ ಸ್ವರ, ಕಿವಿಗೆ ಸುಲಭ ಅಂತ ನಾನಂದೆ. ಪುರಂದರದಾಸರ ಕಾಲದಿಂದ ಬಂದ ಕ್ರಮ ಬಿಡುವುದಿಲ್ಲ ಅಂತ ಅವಳು. ಈ ಜಗಳ ಇನ್ನೂ ಮುಗಿದಿಲ್ಲ. ಈಗ ಸ-ರಿ ಎರಡನ್ನೇ ಐದು ನಿಮಿಷ ಹಾಡಿಸುತ್ತಾಳೆ. ಹತ್ತಿರ ಹತ್ತಿರ ಬರುತ್ತಿದೆ.

ಶಿಕ್ಷಕರು ಕೋಣೆಯಲ್ಲಿ ಇರಬೇಕು ಅನ್ನುವ ಷರತ್ತು ನಮಗೆ ಮೊದಲು ಕಿರಿಕಿರಿ ಅನ್ನಿಸಿತ್ತು. ಈಗ ಅದೇ ನಮ್ಮ ಕ್ಲಾಸಿನ ಜೀವ. ನಾಲ್ಕನೇ ತರಗತಿಯ ಮೇಡಂ ತಾವೂ ಕೂತು ತಾಳ ಹಾಕಲು ಶುರು ಮಾಡಿದರು. ವಾರದ ಮಧ್ಯೆ, ಬಿಸಿಯೂಟಕ್ಕೆ ಸಾಲು ನಿಲ್ಲಿಸುವಾಗ, ಒಂದು ಸರಳೆ ಹೇಳಿಸುತ್ತಾರೆ. ವಾರಕ್ಕೊಮ್ಮೆ ಬರುವ ನಮ್ಮಿಂದ ಆಗುವುದಕ್ಕಿಂತ ಹೆಚ್ಚು ಅಲ್ಲಿ ಆಗುತ್ತದೆ. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇದೇ: ಟ್ರಸ್ಟಿಗೆ ತಲೆ ಕೆಡಿಸಿಕೊಂಡಷ್ಟೇ ಆ ಕ್ಲಾಸ್ ಟೀಚರಿಗೂ ಸಮಯ ಕೊಡಿ. ಅವರ ಕೆಲಸ ಎಷ್ಟಿದೆ ಅಂತ ತಿಳಿದುಕೊಳ್ಳಿ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಮಕ್ಕಳು ಊರಿಂದ ಬರುವಷ್ಟರಲ್ಲಿ ದೀಪಾವಳಿ. ಶಾಲೆ ತುಂಬಿದ ಮೇಲೆ ಮತ್ತೆ ಮೊದಲ ಸರಳೆಯಿಂದಲೇ.

ನಾವು ಎಣಿಸದೇ ಇದ್ದ ತೊಡಕು ಕಾಯಂ ನೋಂದಣಿಯಲ್ಲಿ ಬಂತು. ತೆರಿಗೆಯವರ ನೋಟಿಸಿನಲ್ಲಿ ಚಟುವಟಿಕೆಗೆ ಪುರಾವೆ ಕೇಳಿದ್ದರು. ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟು, ರಸೀದಿ, ಜೊತೆಗೆ ಫೋಟೋ. ಇಲ್ಲಿ ಅನುಮತಿ ಪತ್ರದಲ್ಲಿ ಫೋಟೋಗೆ ತಡೆ. ಆ ತಡೆ ಪ್ರಚಾರಕ್ಕೆ ತಾನೇ ಅಂತ ಆಡಿಟರ್. ಒಂದು ಸಲ ಕಳಿಸಿದರೆ ಫೋಟೋ ಎಲ್ಲೆಲ್ಲಿ ಹೋಗುತ್ತೋ ಯಾರಿಗೆ ಗೊತ್ತು ಅಂತ ಎಚ್‌ಎಂ ಮೇಡಂ. ಇಬ್ಬರದ್ದೂ ಸರಿ. ಉತ್ತರಕ್ಕೆ ಕೊಟ್ಟ ಗಡುವು ಹತ್ತಿರ ಬಂದಿತ್ತು, ಆ ವಾರ ನನಗೆ ನಿದ್ದೆ ಇಲ್ಲ. ಕೊನೆಗೆ ಮೇಡಮ್ಮೇ ದಾರಿ ಹೇಳಿದರು. ಮಕ್ಕಳ ಬೆನ್ನ ಹಿಂದಿನಿಂದ, ಕಲಿಸುವವರ ಮುಖ ಮತ್ತು ಬೋರ್ಡು ಮಾತ್ರ ಕಾಣುವ ಹಾಗೆ ಫೋಟೋ. ಜೊತೆಗೆ ಶಾಲೆಯ ಮುದ್ರೆ ಇರುವ ದೃಢೀಕರಣ ಪತ್ರ, ಪ್ರತಿ ಶನಿವಾರ ಯಾವ ಪಾಠ ಆಯಿತು ಅಂತ ಬರೆದು ಮೇಡಂ ಸಹಿ ಹಾಕಿದ ಪುಸ್ತಕ. ಆ ಪುಸ್ತಕ ನೋಡಿಯೇ ಒಪ್ಪಿದರು ಅಂತ ನನ್ನ ಅನಿಸಿಕೆ. ಮೊದಲ ದಿನದಿಂದಲೇ ಒಂದು ಲಾಂಗ್ ಬುಕ್ ಇಡಿ. ನೋಟಿಸು ಬರುವ ಇಮೇಲ್ ನಿಮ್ಮದೇ ಇರಲಿ, ಆಡಿಟರ್ ಆಫೀಸಿನದ್ದಲ್ಲ.

ಖರ್ಚು ಕೇಳುವವರಿಗೆ: ಡೀಡ್ ಬರೆಸಿದ್ದು, ಸ್ಟಾಂಪು, ನೋಂದಣಿ, ಅನುವಾದ, ನೋಟರಿ ಸೇರಿ ಹದಿನೈದು ಸಾವಿರದ ಹತ್ತಿರ. ಎರಡೂ ಹಂತದ ಅರ್ಜಿಗೆ ಆಡಿಟರ್ ಸುಮಾರು ಇಪ್ಪತ್ತು ಸಾವಿರ ತಗೊಂಡರು, ಅದೂ ಪರಿಚಯದ ಮೇಲೆ. ಬೇರೆಯವರು ಇದಕ್ಕಿಂತ ಜಾಸ್ತಿ ಹೇಳಿದ್ದರು. ಓಡಾಟಕ್ಕೆ ನನಗೂ ಗೆಳತಿಗೂ ಶಕ್ತಿ ಯೋಜನೆಯ ಟಿಕೆಟ್ಟು. ಮೃದಂಗದ ಹುಡುಗನಿಗೆ ಆ ಭಾಗ್ಯ ಇಲ್ಲ, ಅವನ ಬಸ್ ಚಾರ್ಜು ಟ್ರಸ್ಟಿನ ಮೊದಲ ಖರ್ಚಿನ ವೋಚರು. ಅವನ ಸಂಭಾವನೆ ದೊಡ್ಡದಲ್ಲ, ಆದರೆ ತಿಂಗಳ ಮೊದಲ ವಾರದಲ್ಲೇ ಖಾತೆಗೆ ಹೋಗುತ್ತದೆ.

80ಜಿ ಕಾಯಂ ಅಂದರೂ ಐದು ವರ್ಷಕ್ಕೇ. ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಹಾಕಿದರೆ ಮಾತ್ರ ಅವರಿಗೆ ಸರ್ಟಿಫಿಕೇಟು ಸಿಗುತ್ತದೆ, ಅದಕ್ಕೆ ಎಲ್ಲರ ಪ್ಯಾನ್ ನಂಬರು ಈಗಲೇ ಕೇಳಿಟ್ಟುಕೊಳ್ಳುತ್ತಿದ್ದೇನೆ. ಶಾಲೆಯ ಅನುಮತಿಯೂ ಈ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಹೊಸ ಅರ್ಜಿ ಟೈಪ್ ಮಾಡಿಸಿ ಆಗಿದೆ. ಈ ಸಲ ಐದನೇ ತರಗತಿಯನ್ನೂ ಸೇರಿಸಿದ್ದೇವೆ, ಈಗಿನ ನಾಲ್ಕನೆಯವರು ಬಿಡಲು ಒಪ್ಪುತ್ತಿಲ್ಲ. ಏಪ್ರಿಲ್ ರಜೆಗೆ ಮುಂಚೆ ಎಚ್‌ಎಂ ಸಹಿ ಹಾಕಿಸಿ ಕೊಟ್ಟುಬಿಡಬೇಕು, ಎರಡು ಪ್ರತಿ.